ಉಪ್ಪು ತರಲು ಹೋದವರು

ಅಂದು ಮಾಡಿದ ಕೆಲಸಗಳು ಇಷ್ಟು. ನಲ್ಲಿ ಬರುವ ಮೊದಲೇ ಎದ್ದು ಹಂಡೆ ತೊಳೆದಿಟ್ಟೆ. ನೀರು ಬಂದ ಮೇಲೆ ಅರಿವೆ ಕಟ್ಟಿ ಸೋಸಿ ತುಂಬಿಕೊಂಡೆ. ಹಾಲು ಕಾಯಿಸಿದೆ. ಅವ್ವ ಬಸದಿಗೆ ಒಯ್ಯುವ ಅಕ್ಕಿಯನ್ನು ಹಸನು ಮಾಡಿ ಕೊಟ್ಟೆ. ಜೋಳದ ರೊಟ್ಟಿ ಬಡಿದೆ, ಹೆಸರುಕಾಳಿನ ಪಲ್ಯ ಮಾಡಿದೆ, ಡಬ್ಬಿ ಕಟ್ಟಿದೆ. ತಂಗಿಯ ಮಗಳಿಗೆ ಎರಡು ಜಡೆ ಹಾಕಿದೆ. ಗ್ಯಾಸ್ ಬಂದ್ ಮಾಡಿ ಬೀಗ ಹಾಕಿದೆ. ಮತ್ತೆ ಬೀಗ ತೆಗೆದು, ಗ್ಯಾಸ್ ಬಂದ್ ಆಗಿದೆಯೇ ಎಂದು ಇನ್ನೊಮ್ಮೆ ನೋಡಿ ಬಂದೆ. ಅವ್ವ ಬಾಗಿಲಲ್ಲಿ ನಿಂತು, "ಇನ್ನ ಎಷ್ಟ ಸಲ ನೋಡ್ತಿ? ಗ್ಯಾಸಿಗೂ ನಾಚಿಕಿ ಬರ್ತೈತಿ" ಅಂದಳು.

ಕೈಗೆ ಕೆಲಸ ಕೊಟ್ಟರೆ ಹೆದರಿಕೆ ಕಡಿಮೆಯಾಗುತ್ತದೆ ಎನ್ನುತ್ತಾರೆ. ನನಗೆ ಹಾಗಾಗಲಿಲ್ಲ. ಅಂದು ಮಿರಜದ ಆಸ್ಪತ್ರೆಯಲ್ಲಿ ನನ್ನ ತಂಗಿಯ ಗಂಟಲಿನ ಗಂಟನ್ನು ತೆಗೆಯುವವರಿದ್ದರು. ಹಿಂದಿನ ದಿನವೇ ಅವಳನ್ನು ಅಲ್ಲಿ ಸೇರಿಸಿ ಆಗಿತ್ತು. ಅವಳ ಗಂಡ ಕುಪವಾಡ ಎಂಐಡಿಸಿಯ ಒಂದು ಕಾರಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುವವರು, ರಜೆ ಹಾಕಿ ಅಲ್ಲೇ ಇದ್ದರು. ಮಗಳನ್ನು ಮಾಧವನಗರದ ನಮ್ಮ ಮನೆಯಲ್ಲಿ ಬಿಟ್ಟಿದ್ದರು. ಸಮಡೋಳಿಯಿಂದ ಅವ್ವನೂ ಬಂದಿದ್ದಳು. ಗಂಟು ಎಂಥದು ಎಂದು ತೆಗೆದು ತಪಾಸಣೆ ಮಾಡಿದ ಮೇಲೆಯೇ ಗೊತ್ತಾಗುವುದು ಎಂದು ಡಾಕ್ಟರು ಹೇಳಿದ್ದರು. ದನಿಯ ನರ ಅದರ ಪಕ್ಕದಲ್ಲೇ ಹಾಯುತ್ತದೆ, ಅದಕ್ಕೆ ಪೆಟ್ಟಾದರೆ ದನಿ ಹೋಗಬಹುದು ಎಂದೂ ಹೇಳಿದ್ದರು. ಆ ರೋಗದ ಹೆಸರನ್ನು ನಾವ್ಯಾರೂ ಬಾಯಿಂದ ಆಡಿರಲಿಲ್ಲ.

ನಾವು ಚಿಕ್ಕವರಿದ್ದಾಗ ಸಮಡೋಳಿಯ ಮನೆಯಲ್ಲಿ ಅಪ್ಪನ ತಂಗಿಗೆ ಇದೇ ಜಾಗದಲ್ಲಿ ಗಂಟು ಎದ್ದಿತ್ತು. ಕೊನೆಕೊನೆಗೆ ಅತ್ತೆಯ ದನಿ ಹೋಗಿಬಿಟ್ಟಿತು. ನೀರು ಬೇಕಾದರೆ ಚಮಚದಿಂದ ವಾಟಿ, ಅಂದರೆ ಸಣ್ಣ ಬಟ್ಟಲು, ಬಡಿಯುತ್ತಿದ್ದಳು. ಒಂದು ದಿನ ಆ ಸಪ್ಪಳವೂ ನಿಂತಿತು. ಇಂದಿಗೂ ಯಾರಾದರೂ ಸ್ಟೀಲಿನ ವಾಟಿಗೆ ಚಮಚ ತಾಗಿಸಿದರೆ ನನ್ನ ಬೆನ್ನು ತಣ್ಣಗಾಗುತ್ತದೆ. ತಂಗಿಗೂ ಅದು ನೆನಪಿದೆ ಎಂದು ನನಗೆ ಗೊತ್ತು. ಆಸ್ಪತ್ರೆಗೆ ಹೊರಡುವಾಗ ಅವಳು ಚೀಲದಲ್ಲಿ ಪ್ಲಾಸ್ಟಿಕ್ಕಿನ ವಾಟಿ ಇಟ್ಟುಕೊಂಡಳು.

ಮಗಳಿಗೆ ಮಾತ್ರ, ಆಯಿಯ ಟಾನ್ಸಿಲ್ ತೆಗೆಯುತ್ತಾರೆ, ಆಮೇಲೆ ಐಸ್‌ಕ್ರೀಂ ತಿನ್ನಬಹುದು ಎಂದು ಹೇಳಿದ್ದೆವು. ಹುಡುಗಿಗೆ ಹದಿಮೂರು ವರ್ಷ. ತಾಯಿಗೆ ಆಯಿ, ಅಜ್ಜಿಗೆ ಆಜಿ, ನನಗೆ ಮಾವಶಿ ಅನ್ನುತ್ತಾಳೆ. ಓದುವುದು, ಜಗಳಾಡುವುದು, ಕನಸಿನಲ್ಲಿ ಬಡಬಡಿಸುವುದು ಎಲ್ಲ ಮರಾಠಿಯಲ್ಲೇ. ಮನೆಯಲ್ಲಿ ಕನ್ನಡ ಕಿವಿಗೆ ಬೀಳುತ್ತದೆ, ಆದರೆ ಬಾಯಿಂದ ಬಾ, ಹೋಗು, ಸಾಕು ಬಿಟ್ಟು ಹೆಚ್ಚು ಬಂದದ್ದನ್ನು ನಾವು ಕೇಳಿರಲಿಲ್ಲ. ಅದಕ್ಕೇ ಅವಳೆದುರು ಮುಚ್ಚಿಡುವುದು ಏನಿದ್ದರೂ ನಾವು ಕನ್ನಡಕ್ಕೆ ಹೊರಳಿ ಮಾತಾಡುತ್ತಿದ್ದೆವು. ಮರಾಠಿಯಲ್ಲಿ 'ಗಾಠ' ಎಂದರೆ ಅವಳಿಗೆ ತಿಳಿಯುತ್ತದೆ, ಅದನ್ನು ಯಾರೂ ಅನ್ನಬಾರದು, ಗಂಟು ಅಂತಲೇ ಅನ್ನಬೇಕು ಎಂದು ತಂಗಿಯೇ ತಾಕೀತು ಮಾಡಿದ್ದಳು. ಬಾಯಿ ತಪ್ಪುತ್ತಿದ್ದವಳು ಅವ್ವ ಒಬ್ಬಳೇ. ಒಮ್ಮೆ "ಗಾ..." ಎಂದು ಶುರುಮಾಡಿ, ಎಲ್ಲರೂ ಕಣ್ಣು ಬಿಟ್ಟಾಗ "ಗಾಜರ" ಎಂದು ಮುಗಿಸಿದಳು. ಗಾಜರ ಅಂದರೆ ಗಜ್ಜರಿ. ನಾವು ಜೈನರು, ಅದು ನೆಲದಡಿಯ ಗಡ್ಡೆಯಾದ್ದರಿಂದ ಅವ್ವ ಹುಟ್ಟಿದಾಗಿನಿಂದ ಅದನ್ನು ಮುಟ್ಟಿದವಳಲ್ಲ.

ಹುಡುಗಿಗೆ ಒಂದು ಗೀಳು. ಫೋನಿನಲ್ಲಿ ಜಪಾನಿನ ಚಿತ್ರಕಥೆ ನೋಡುತ್ತಾಳೆ. ಕಾರ್ಟೂನ್ ಅಂದರೆ ಸಿಟ್ಟು ಬರುತ್ತದೆ, ಆನಿಮೆ ಅನ್ನಬೇಕು. ಅವ್ವ ಮೊದಲ ಸಲ ಕೇಳಿದಾಗ, "ಆನಿ ಮ್ಯಾಲ? ಯಾರ ಕುಂತಾರ ಆನಿ ಮ್ಯಾಲ?" ಅಂದಿದ್ದಳು. ಅದರಲ್ಲಿ ನಿಂಜಾಗಳಿದ್ದಾರೆ, ಗುಟ್ಟಾಗಿ ಕೆಲಸ ಮಾಡುವ ಯೋಧರು, ಮತ್ತು ಅವರಿಗೊಂದು ಅಡಗಿದ ಊರಿದೆ. ಆ ಊರು ಹೇಗೆ ನಡೆಯುತ್ತದೆ ಎಂಬುದನ್ನು ಅವಳು ಅಂದು ಜಡೆ ಹಾಕಿಸಿಕೊಳ್ಳುತ್ತ ಶುರುಮಾಡಿದಳು. ಆಸ್ಪತ್ರೆಯ ಮಾತು ಬರದಿದ್ದರೆ ಸಾಕು ಎಂದು ನಾನೂ ಕೇಳುತ್ತ ಹೋದೆ. ಅವಳು ಹೇಳಿದ್ದು ಮರಾಠಿಯಲ್ಲಿ, ನಾನು ಬರೆಯುತ್ತಿರುವುದು ನಮ್ಮ ಮಾತಿನಲ್ಲಿ.

ಊರು ಸುತ್ತಲೂ ಬೆಟ್ಟಗಳ ನಡುವೆ ಒಂದು ಬೋಗುಣಿಯಂಥ ಜಾಗದಲ್ಲಿದೆ. ಯಾವ ನಕಾಶೆಯಲ್ಲೂ ಇಲ್ಲ. ಒಳಗೆ ಹೋಗುವ ದಾರಿಯನ್ನು ಪ್ರತಿ ಮಳೆಗಾಲದ ನಂತರ ಬದಲಿಸುತ್ತಾರೆ. ಊರನ್ನು ಆಳುವವಳು ಒಬ್ಬ ಮುದುಕಿ. ಅವಳಿಗೆ ಕತ್ತಿ ಹಿಡಿಯಲು ಬರುವುದಿಲ್ಲ, ಆದರೆ ಹಳೆಯ ದಾರಿಗಳೆಲ್ಲ ನೆನಪಿವೆ, ಅದಕ್ಕೇ ಅವಳು ಯಜಮಾನಿ. ಹೊರಗಿನ ರಾಜರಿಗೆ ಗುಟ್ಟಿನ ಕೆಲಸ ಬಿದ್ದಾಗ ಊರಿನ ಗಡಿಯ ಮರಕ್ಕೆ ಒಂದು ದಾರ ಕಟ್ಟಿ ಹೋಗುತ್ತಾರೆ. ಬಿಳಿ ದಾರವಾದರೆ ಸಣ್ಣ ಕೆಲಸ, ವ್ಯಾಪಾರಿಯನ್ನು ಘಾಟಿ ದಾಟಿಸುವುದು, ಬೆಳೆ ಕಾಯುವುದು. ಕೆಂಪಾದರೆ ಹೊಡೆದಾಟ. ಕಪ್ಪಾದರೆ ಹೋದವರು ತಿರುಗಿ ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ಪ್ರತಿ ಮನೆಗೂ ಎಡಬಲದ ಎರಡು ಮನೆಯವರ ನಿಜವಾದ ಹೆಸರು ಮಾತ್ರ ಗೊತ್ತಿರುತ್ತದೆ. ಸಿಕ್ಕಿಬಿದ್ದವನು ಎಷ್ಟು ಬಾಯಿಬಿಟ್ಟರೂ ಇಡೀ ಊರು ಹೊರಬೀಳಬಾರದಲ್ಲ.

"ಒಲಿ ಹೊತ್ತಿಸಿದ್ರ ಹೊಗಿ ಕಾಣೂದಿಲ್ಲೇನ?" ಎಂದು ಕೇಳಿದೆ. ನನಗೆ ಅದೇ ಚಿಂತೆ. ಅಷ್ಟು ಜನಕ್ಕೆ ಅಡಿಗೆ ಯಾರು ಮಾಡುತ್ತಾರೆ, ಅರಿವೆ ಎಲ್ಲಿ ಒಣಗಿಸುತ್ತಾರೆ?

ಹುಡುಗಿಗೆ ಖುಷಿಯಾಯಿತು. ಬೆಳಗಿನ ಮಂಜಿನಲ್ಲೇ ಎಲ್ಲರ ಅಡಿಗೆ ಮುಗಿಯಬೇಕು, ಹೊಗೆ ಮಂಜಿನಲ್ಲಿ ಸೇರಿಹೋಗುತ್ತದೆ. ಸೂರ್ಯ ಮುಳುಗಿದ ಮೇಲೆ ಬೆಂಕಿ ಇಲ್ಲ, ದೀಪ ಇಲ್ಲ, ಊಟವೂ ಇಲ್ಲ.

ಪಕ್ಕದಲ್ಲಿ ಜಪಮಾಲೆ ಹಿಡಿದು ಕೂತಿದ್ದ ಅವ್ವ ಕಣ್ಣು ತೆರೆದಳು. "ಹೊತ್ತ ಮುಣಗಿದ ಮ್ಯಾಲ ಉಣ್ಣೂದಿಲ್ಲ? ಹಂಗಾರ ನಮ್ಮ ಪೈಕಿನ ಅನ್ನು."

"ಆಜಿ, ಅವರು ಮನುಷ್ಯರನ್ನ ಕೊಲ್ತಾರ," ಅಂದಳು ಹುಡುಗಿ.

"ಕೊಂದ ಮ್ಯಾಲ ಹೊತ್ತಿನ್ಯಾಗ ಉಂಡ್ರೇನ ಬಂತು," ಎಂದು ಅವ್ವ ಮತ್ತೆ ಕಣ್ಣು ಮುಚ್ಚಿದಳು.

ಜನ ತುಂಬಿದ ಮೇಲೆಯೇ ಹೊರಡುವ ವಡಾಪ್ ರಿಕ್ಷಾದಲ್ಲಿ, ಒಬ್ಬರ ಮೊಣಕೈ ಒಬ್ಬರಿಗೆ ಚುಚ್ಚುತ್ತಿದ್ದಾಗ, ಹಣೆಪಟ್ಟಿಯ ವಿಷಯ ಬಂತು. ಊರಿನ ಪ್ರತಿ ಯೋಧನೂ ಹಣೆಗೆ ಒಂದು ಪಟ್ಟಿ ಕಟ್ಟಿಕೊಂಡು ಹೊರಡುತ್ತಾನೆ. ತಲೆಯ ಹಿಂದೆ ಅದಕ್ಕೆ ಗಾಠ ಹಾಕುವುದು ಮನೆಯವರು. ಒಂದೊಂದು ಮನೆಯದೂ ಒಂದೊಂದು ಬಗೆ. ತಿರುಗಿ ಬಂದ ಮೇಲೆ ಮನೆಯವರೇ ಅದನ್ನು ಕೈಯಿಂದ ಬಿಚ್ಚಬೇಕು, ಎಷ್ಟೇ ಬಿಗಿದಿರಲಿ. ಕತ್ತರಿ ತಾಗಿಸುವಂತಿಲ್ಲ. ಕೊಯ್ಯುವುದು ತಿರುಗಿ ಬರದವರದ್ದು ಮಾತ್ರ. ಹೆಣ ಸಿಕ್ಕ ಜಾಗದಲ್ಲೇ ಪಟ್ಟಿ ಕೊಯ್ದು, ಗಾಠಿನ ತುಂಡನ್ನು ಮನೆಗೆ ತಂದು ಕೊಡುತ್ತಾರೆ. ಸಾಂಗಲಿ ದಾಟುವವರೆಗೂ ಅವಳು ಆ ಗಾಠಿನ ಬಗೆಗಳನ್ನು ನನ್ನ ಸೆರಗಿನ ತುದಿಯಲ್ಲಿ ಹಾಕಿ ತೋರಿಸುತ್ತಿದ್ದಳು. ನಾನು ಹೂಂ ಹೂಂ ಅನ್ನುತ್ತ, ತಂಗಿ ಬರಿಹೊಟ್ಟೆಯಲ್ಲಿ ಎಷ್ಟು ಹೊತ್ತಿನಿಂದ ಇದ್ದಾಳೋ ಎಂದು ಯೋಚಿಸುತ್ತಿದ್ದೆ.

ನಾವು ಆಸ್ಪತ್ರೆ ಮುಟ್ಟಿದಾಗ ತಂಗಿಯನ್ನು ಒಳಗೆ ಒಯ್ಯುವ ಹೊತ್ತಾಗಿತ್ತು. ಹಸಿರು ಅಂಗಿ ತೊಡಿಸಿದ್ದರು. ತಾಳಿ, ಕಿವಿಯೋಲೆ, ಕಾಲುಂಗುರ ಬಿಚ್ಚಿ ನನ್ನ ಕೈಗೆ ಕೊಟ್ಟಳು. ನಾನು ಕರವಸ್ತ್ರದಲ್ಲಿ ಸುತ್ತಿ ಸೆರಗಿಗೆ ಕಟ್ಟಿಕೊಂಡೆ. ಬರಿಗೊರಳಿನಲ್ಲಿ ಆ ಉಬ್ಬು ಎದ್ದು ಕಾಣುತ್ತಿತ್ತು. ಅವಳು ಮಗಳ ಕೆನ್ನೆ ಮುಟ್ಟಿ ಮರಾಠಿಯಲ್ಲಿ, "ಐಸ್‌ಕ್ರೀಂ ಯಾವುದು ಅಂತ ನೋಡಿಟ್ಟಿರು" ಅಂದಳು. ನನಗೆ ಕನ್ನಡದಲ್ಲಿ, "ಅಕ್ಕಾ, ನನ್ನ ದನಿ ಹೋದ್ರ ಆಕಿಗೆ ನೀ ಹೇಳು. ನಾ ಹೆಂಗ ಹೇಳಲಿ?" ಅಂದಳು. ಆಮೇಲೆ ತಾನೇ ನಕ್ಕಳು. ಸ್ಟ್ರೆಚರಿನ ಒಂದು ಗಾಲಿ ಕುಂಯ್‌ಗುಟ್ಟುತ್ತಿತ್ತು. ಬಾಗಿಲು ಮುಚ್ಚಿದ ಮೇಲೂ ಅದು ಸ್ವಲ್ಪ ಹೊತ್ತು ಕೇಳಿಸಿತು. ಹುಡುಗಿ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು.

ಕಾಯುವ ಜಾಗದಲ್ಲಿ ಉದ್ದನೆಯ ಬೆಂಚು. ತಂಗಿಯ ಗಂಡ ಕೂರಲಾರದೆ ಹೊರಗೆ ಓಡಾಡುತ್ತಿದ್ದರು. ಒಮ್ಮೆ ಬಂದು, "ಅಕ್ಕಾ, ಚಾ ತರಲೇನ್ರಿ?" ಎಂದು ಕೇಳಿದರು.

"ಬ್ಯಾಡ್ರಿ ದಾಜಿ. ನೀವರೆ ಒಂದೀಟು ಕುಂದ್ರಿ," ಅಂದೆ.

ಕೂರಲಿಲ್ಲ. ಚಹಾವನ್ನೂ ತರಲಿಲ್ಲ. ಹುಡುಗಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಗೋಡೆಗೆ ಒರಗಿದಳು. ಅವ್ವ ಅನ್ನ ನೀರು ಮುಟ್ಟುವುದಿಲ್ಲ ಎಂದು ನೇಮ ಹಿಡಿದಿದ್ದಳು, ಸುದ್ದಿ ಬರುವವರೆಗೆ.

ನನ್ನ ಆ ಪಕ್ಕ ಇಳಕಲ್ ಸೀರೆಯ ಒಬ್ಬ ಅಜ್ಜಿ ಬಂದು ಕೂತಳು. ಗಂಡನ ಕಾಲಿಗೆ ತೋರಿಸಲು ಅಥಣಿಯಿಂದ ಬಂದವಳು. "ಯಾರಿಗ್ರಿ ಆರಾಮಿಲ್ಲ?" ಅಂದಳು. ಮಿರಜದ ಆಸ್ಪತ್ರೆಗಳಿಗೆ ಅರ್ಧ ಮಂದಿ ಬರುವುದೇ ಗಡಿಯ ಆ ಕಡೆಯಿಂದ. ಅಲ್ಲಿ ಕನ್ನಡದಲ್ಲಿ ಪಿಸುಗುಟ್ಟುವುದೂ ಒಂದೇ, ಡಂಗುರ ಸಾರುವುದೂ ಒಂದೇ. ಆ ಕ್ಷಣಕ್ಕೆ ನನಗೆ ಅದು ಹೊಳೆಯಲಿಲ್ಲ.

"ತಂಗಿಗ್ರಿ. ಗಂಟಲದಾಗ ಗಂಟು," ಎಂದು ಮೆಲ್ಲಗೆ ಹೇಳಿದೆ. "ಸಣ್ಣಕ ಮಾತಾಡ್ರಿ, ಹುಡುಗಿ ಐತಿ."

"ಆಕಿಗೆ ಕನ್ನಡ ಬರೂದಿಲ್ಲೇನ್ರಿ?"

"ಇಲ್ರಿ."

"ಹೌದ? ನಮ್ಮ ಕಡೆ ಗ್ವಾಡಿಗೂ ಬರ್ತೈತಿ," ಅಂದಳು ಅಜ್ಜಿ, ಹುಡುಗಿಯ ಕಡೆ ಬಗ್ಗಿ ನೋಡಿ. ಆಮೇಲೆ ನನಗೆ ಸಮಾಧಾನ ಮಾಡಲು ನಿಂತಳು. "ಅಂಜಬ್ಯಾಡ್ರಿ. ಕೊಯ್ದ ತಗೀತಾರ. ನಮ್ಮ ನೆಗೆಣ್ಣಿಗೂ ಇಂಥಾದ ಆಗಿತ್ತು. ದನಿ ಹೋತು ಖರೆ, ಜೀವ ಉಳೀತು. ಇನ್ನೊಬ್ಬಾಕಿ ಇದ್ಲು ಸಂಬಂಧದಾಗ, ಆಕೀದು ಕೆಟ್ಟ ಗಂಟು. ಆಕಿದ್ದು ಬ್ಯಾಡ ಬಿಡ್ರಿ ಈಗ."

ಬೇಡ ಬಿಡ್ರಿ ಎಂದು ಬಿಟ್ಟದ್ದೇ ಕೆಟ್ಟದಾಯಿತು. ಸೆರಗಿನ ಕರವಸ್ತ್ರದ ಗಂಟನ್ನು ಇನ್ನಷ್ಟು ಬಿಗಿದೆ. ಅಷ್ಟರಲ್ಲಿ ಒಳಗೆಲ್ಲೋ ಸ್ಟೀಲಿನ ಮೇಲೆ ಸ್ಟೀಲು ಬಡಿದ ಸಪ್ಪಳ. ತಟ್ಟೆಗೆ ಕತ್ತರಿಯೋ ಏನೋ ತಾಗಿರಬೇಕು. ನಾನು ಎದ್ದು ನಿಂತುಬಿಟ್ಟೆ. ಎಲ್ಲಿಗೆ ಹೋಗಲು ಎದ್ದೆನೋ ನನಗೇ ತಿಳಿಯಲಿಲ್ಲ.

ಅಜ್ಜಿಯನ್ನು ಯಾರೋ ಕೂಗಿದರು, ಅವಳು ಹೋದಳು. ಹುಡುಗಿ ಸರಿದು ನನ್ನ ಪಕ್ಕಕ್ಕೆ ಬಂದು, ಕಥೆ ಬಿಟ್ಟಲ್ಲಿಂದ ಮತ್ತೆ ತೆಗೆದಳು. ದನಿ ಮೊದಲಿಗಿಂತ ಸಣ್ಣದಾಗಿತ್ತು.

ಆ ಊರಿನಲ್ಲಿ ಎಲ್ಲ ಬೆಳೆಯುತ್ತದೆ, ಉಪ್ಪು ಮಾತ್ರ ಇಲ್ಲ. ಸಮುದ್ರ ದೂರ. ಯಾರಾದರೂ ಹೋಗಿ ಹೊತ್ತು ತರಬೇಕು. ಅದಕ್ಕೆ ಕಪ್ಪು ದಾರದ ಕೆಲಸಕ್ಕೆ ಯಾರು ಹೋದರೂ ಮನೆಯಲ್ಲಿ ಮಕ್ಕಳಿಗೆ 'ಉಪ್ಪು ತರಲು ಹೋಗಿದ್ದಾರೆ' ಎಂದು ಹೇಳುತ್ತಾರೆ. ಮಕ್ಕಳು ಅಳಬಾರದು ಎಂದು ಊರು ಮಾಡಿಕೊಂಡ ನೇಮ ಅದು.

"ಮಕ್ಕಳು ನಂಬತಾವೇನ?" ಎಂದು ಕೇಳಿದೆ, ಕಣ್ಣು ಬಾಗಿಲ ಕಡೆಗಿಟ್ಟು.

"ಇಲ್ಲ. ಎಲ್ಲ ಹುಡುಗರಿಗೂ ಉಪ್ಪು ಅಂದ್ರ ಏನು ಅಂತ ಗೊತ್ತಿರ್ತದ."

"ಮತ್ತ ಯಾಕ ಕೇಳೂದಿಲ್ಲ?"

"ಕೇಳಿದ್ರ ದೊಡ್ಡವರಿಗೆ ಅಂಜಿಕಿ ಆಗ್ತದ, ಮಾವಶಿ. ಅವರು ಪಾಪ, ಗುಟ್ಟು ಇಟ್ಟೀವಿ ಅಂತ ಧೈರ್ಯದಿಂದ ಇರ್ತಾರ."

ಹೂಂ ಅಂದೆ. ಕೇಳಿದ್ದು ಕಿವಿ ಮಾತ್ರ. ಅವಳು ನನ್ನ ಸೆರಗಿನ ತುದಿ ಹಿಡಿದು ಕೇಳಿದಳು: "ಮಾವಶಿ, ಆ ಗಂಟು ಬಿಚ್ಚತಾರ ಏನ್, ಕೊಯ್ತಾರ?"

ಪಾಠ ಒಪ್ಪಿಸುವವಳ ಹಾಗೆ ನಾನು ತಕ್ಷಣ ಹೇಳಿದೆ. "ಬಂದವರದು ಬಿಚ್ಚತಾರ, ತಿರಗಿ ಬರಲಾರದವರದು ಕೊಯ್ತಾರ. ನೀನ ಹೇಳಿದಿಯಲ್ಲ."

ಹುಡುಗಿ ನನ್ನ ಸೆರಗನ್ನು ಬಿಟ್ಟುಬಿಟ್ಟಳು. "ಅದು ಅಲ್ಲ," ಅಂದಳು. ತನ್ನ ಕೊರಳಿನ ಮೇಲೆ ಎರಡು ಬೆರಳಿಟ್ಟು, ಬಾಗಿಲ ಕಡೆ ಗೋಣು ಹೊರಳಿಸಿದಳು. "ಒಳಗಿನ ಗಂಟು. ಆಯೀದು."

ಆಗ ನನಗೆ ತಿಳಿಯಿತು. ಬೆಳಗಿನಿಂದ ಅವಳು ಆಡಿದ್ದೆಲ್ಲ ಗಾಠ, ಗಾಠ. ಈಗ ಗಂಟು ಅಂದಿದ್ದಳು. ಆ ಮಾತನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ನೋಡಿದರೆ ಇಯರ್‌ಫೋನಿನ ತಂತಿಯ ತುದಿ ಫೋನಿಗೆ ಸಿಕ್ಕಿಸಿರಲೇ ಇಲ್ಲ, ಮಡಿಲಲ್ಲಿ ಸುಮ್ಮನೆ ಜೋತುಬಿದ್ದಿತ್ತು.

"ಯಾವಾಗಿಂದ ಗೊತ್ತೈತಿ?" ಎಂದೆ, ಕನ್ನಡದಲ್ಲೇ.

"ಆಜಿ ಗಾಜರ ಅಂದಾಗಿಂದ."

ಅವ್ವನ ಜಪಮಾಲೆ ನಿಂತಿತು. ಕಣ್ಣು ಮುಚ್ಚಿಯೇ ಇದ್ದಳು, ಆದರೆ ತುಟಿ ಬಿಗಿದಿದ್ದವು.

"ಕೆಟ್ಟ ಗಂಟು ಅಂದ್ರ ಸಾಯ್ತಾರ?" ಹುಡುಗಿ ಕೇಳಿದಳು. ಅವಳ ಕನ್ನಡ ಕುಂಟುತ್ತಿತ್ತು. ಆದರೂ ಮರಾಠಿಗೆ ಹೊರಳಲಿಲ್ಲ. "ಖರೆ ಹೇಳ, ಮಾವಶಿ."

ನಾನು ಆಗಷ್ಟೇ ಆ ಹುಡುಗಿಗೆ ತಿರುಗಿ ಬರಲಾರದವರದ್ದನ್ನು ಕೊಯ್ಯುತ್ತಾರೆ ಎಂದು ನನ್ನ ಬಾಯಿಯಿಂದಲೇ ಹೇಳಿದ್ದೆ. ಅದನ್ನು ಮೊದಲು ತಿದ್ದಬೇಕಿತ್ತು.

"ಕೇಳ ಇಲ್ಲೆ, ನನ್ನವ್ವ. ಇದು ನಿನ್ನ ಊರಿನ ಗಂಟಲ್ಲ. ಇದನ್ನ ಕೊಯ್ದ್ರನ ನಿಮ್ಮ ಆಯಿ ತಿರಗಿ ಬರ್ತಾಳ. ಬಿಟ್ರ ಕೆಟ್ಟದ್ದು. ಅದಕ್ಕ ಕೊಯ್ಯಾಕ ಹತ್ಯಾರ. ಎಂಥಾ ಗಂಟು ಅಂತ ಇನ್ನೂ ಗೊತ್ತಿಲ್ಲ. ನನಗ ಗೊತ್ತಿಲ್ಲ, ನಿಮ್ಮ ಅಪ್ಪಗ ಗೊತ್ತಿಲ್ಲ, ಡಾಕ್ಟರಗೂ ಗೊತ್ತಿಲ್ಲ."

"ದನಿ?"

"ಅದೂ ಗೊತ್ತಿಲ್ಲ."

"ನಿನಗ ಅಂಜಿಕಿ ಆಗೇತಿ?"

"ಆಗೇತಿ."

ಅವಳು ಅಳಲಿಲ್ಲ. ನನ್ನ ಸೆರಗಿನ ತುದಿಯಲ್ಲಿದ್ದ ಆಭರಣದ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಕೂತಳು. ಅವ್ವ ಜಪಮಾಲೆಯ ಇನ್ನೊಂದು ತುದಿಯನ್ನು ಅವಳ ಮೊಣಕಾಲ ಮೇಲೆ ಇಳಿಬಿಟ್ಟಳು. ಹಾಗೆ ಮೂವರೂ ಕೂತಿದ್ದೆವು. ಆ ಹೊತ್ತಿನ ಬಗ್ಗೆ ಬರೆಯಲು ನನ್ನಲ್ಲಿ ಹೆಚ್ಚೇನಿಲ್ಲ. ಎದುರಿನ ಗೋಡೆಯಲ್ಲಿ ಒಂದು ಮೊಳೆ ಇತ್ತು, ಅದಕ್ಕೆ ಏನೂ ತೂಗುಹಾಕಿರಲಿಲ್ಲ. ಅದನ್ನೇ ನೋಡಿದೆ.

ಮಧ್ಯಾಹ್ನ ಹೊರಳಿದ ಮೇಲೆ ಡಾಕ್ಟರು ಹೊರಗೆ ಬಂದರು. ತಂಗಿಯ ಗಂಡ ಓಡಿ ಬಂದರು. ಡಾಕ್ಟರು ಮರಾಠಿಯಲ್ಲಿ, ಗಾಠ ಪೂರ್ತಿ ತೆಗೆದಿದ್ದೇವೆ, ತಪಾಸಣೆಗೆ ಕಳಿಸುತ್ತೇವೆ, ಉತ್ತರ ಬರಲು ದಿನಗಳು ಹಿಡಿಯುತ್ತವೆ, ನರ ಉಳಿದಿದೆ ಅನ್ನಿಸುತ್ತದೆ, ಆದರೆ ಅವರು ಮಾತಾಡುವವರೆಗೆ ನಾನು ಹೇಳಲಾರೆ ಅಂದರು. ಗಾಠ ಎಂಬ ಮಾತು ಬಂದಾಗ ತಂಗಿಯ ಗಂಡ ಗಾಬರಿಯಿಂದ ಮಗಳ ಕಡೆ ನೋಡಿ, "ಟಾನ್ಸಿಲಿಗೇ ಹಾಗಂತಾರೆ" ಎಂದು ಶುರುಮಾಡಿದರು. ಮಗಳು ಅವರ ಅಂಗಿಯ ತೋಳು ಹಿಡಿದು, "ಇರಲಿ ಅಪ್ಪಾ" ಅಂದಳು, ಕನ್ನಡದಲ್ಲಿ. ಅವರು ಅಷ್ಟು ಹೊತ್ತಿನ ಮೇಲೆ ಬೆಂಚಿನ ಮೇಲೆ ಕೂತರು.

ಒಳಗೆ ಬಿಟ್ಟಾಗ ಬಿಸಿಲು ಇಳಿದಿತ್ತು. ತಂಗಿ ಕಣ್ಣು ಅರ್ಧ ತೆರೆದು ಮಲಗಿದ್ದಳು. ಕೊರಳ ಸುತ್ತ ಬಿಳಿ ಪಟ್ಟಿ, ಪಕ್ಕದಿಂದ ಒಂದು ಸಣ್ಣ ನಳಿಕೆ. ನರ್ಸ್ ಬಗ್ಗಿ, "ಅಕ್ಕಾರ, ಏನಾದ್ರೂ ಮಾತಾಡ್ರಿ" ಅಂದಳು. ತಂಗಿಯ ತುಟಿ ಅಲುಗಿದವು. ಏನೂ ಬರಲಿಲ್ಲ. ಇನ್ನೊಮ್ಮೆ ಅಲುಗಿದವು, ಗಾಳಿ ಮಾತ್ರ ಬಂತು. ಅವಳ ಕಣ್ಣು ನನ್ನನ್ನು ಹುಡುಕಿತು, ಅತ್ತೆಯ ಆ ನೋಟ ನಮ್ಮಿಬ್ಬರಿಗೂ ಗೊತ್ತಿದ್ದದ್ದು. ಅವಳ ಕೈ ಹಾಸಿಗೆಯ ಅಂಚಿನಲ್ಲಿ ಏನನ್ನೋ ತಡವುತ್ತಿತ್ತು. ವಾಟಿಯನ್ನೇ ಎಂದು ನನಗೆ ಅನ್ನಿಸಿತು. ನಾನು ಮಂಚದ ಕಂಬಿ ಹಿಡಿದೆ.

ಹುಡುಗಿ ಮುಂದೆ ಹೋಗಿ ತಾಯಿಯ ಕಿವಿಯ ಹತ್ತಿರ ಬಾಗಿದಳು. "ಆಯಿ," ಅಂದಳು, "ಉಪ್ಪು ಸಿಕ್ತ?"

ತಂಗಿಯ ಹುಬ್ಬು ಗಂಟಿಕ್ಕಿದವು. ಮಗಳ ಬಾಯಲ್ಲಿ ಕನ್ನಡ ಕೇಳಿದ್ದಕ್ಕೋ, ಮಾತು ತಿಳಿಯದ್ದಕ್ಕೋ. ಅವಳು ಉಗುಳು ನುಂಗಿದಳು. ನೋವಾದದ್ದು ಮುಖದಲ್ಲಿ ಕಂಡಿತು. ಆಮೇಲೆ ಹರಿದ ಗೋಣಿಚೀಲ ಎಳೆದಂಥ ದನಿಯೊಂದು ಬಂತು.

"ಯಾತರ ಉಪ್ಪ?"

ನರ್ಸಿಗೆ ಉಪ್ಪಿನ ಮಾತು ಅರ್ಥವಾಗಿರಲಾರದು, ಆದರೆ ದನಿ ಬಂತೆಂದು ಅವಳು ಡಾಕ್ಟರಿಗೆ ಹೇಳಲು ಹೋದಳು. ತಂಗಿಯ ಗಂಡ ಗೋಡೆಯ ಕಡೆ ಮುಖ ಮಾಡಿ ನಿಂತರು. ದನಿ ತೆಳ್ಳಗಿತ್ತು, ಒಡಕಿತ್ತು, ಮುಂದೆ ಹೇಗಾಗುವುದೋ ಗೊತ್ತಿರಲಿಲ್ಲ. ಆದರೆ ಅದು ವಾಟಿಯ ಸಪ್ಪಳವಾಗಿರಲಿಲ್ಲ.

ಹೊತ್ತು ಮುಳುಗುವ ಮೊದಲು ಉಣ್ಣಬೇಕಿತ್ತು. ಆಸ್ಪತ್ರೆಯ ಅಂಗಳದ ಬೇವಿನ ಕೆಳಗೆ ಡಬ್ಬಿ ಬಿಚ್ಚಿದೆವು. ಅವ್ವ ಮೊದಲ ತುತ್ತು ಬಾಯಿಗಿಟ್ಟು ನಿಂತಳು. ನಾನೂ ತಿಂದು ನೋಡಿದೆ. ಬೆಳಗಿನ ಗಡಿಬಿಡಿಯಲ್ಲಿ ಪಲ್ಯಕ್ಕೆ ಉಪ್ಪನ್ನೇ ಹಾಕಿರಲಿಲ್ಲ.

"ಗ್ಯಾಸ್ ಮಾತ್ರ ಎರಡೆರಡ ಸಲ ನೋಡ್ಕೊಂಡ ಬಂದಿ," ಅಂದಳು ಅವ್ವ. "ಇರಲಿ. ನನಗ ರಸತ್ಯಾಗದ ನೇಮ ಆತು."

ಉಪ್ಪು ಬಿಟ್ಟು ಉಣ್ಣುವುದು ನಮ್ಮಲ್ಲಿ ಒಂದು ವ್ರತವೇ. ಹುಡುಗಿಗೆ ನಗು ಬಂತು, ನಗುತ್ತ ನಗುತ್ತ ಅಂದಿನ ಅಳುವೂ ಬಂತು. ರೊಟ್ಟಿ ಹಿಡಿದ ಕೈಯಿಂದಲೇ ಕಣ್ಣೊರೆಸಿಕೊಂಡಳು. ತಂಗಿಯ ಗಂಡನಿಗೆ ಒಂದು ಪಾಲು ತೆಗೆದಿಟ್ಟೆ, ಅವರು ರಾತ್ರಿ ಅಲ್ಲೇ ಉಳಿಯುವವರಿದ್ದರು.

ಮನೆಗೆ ಬಂದು ಹಾಸಿಗೆ ಹಾಸಿದಾಗ ಹುಡುಗಿ ಕೇಳಿದಳು, "ತಪಾಸಣೀದು ಉತ್ತರ ಬಂದ ದಿವಸ ನನಗ ಹೇಳ್ತಿ?"

"ಹೇಳ್ತೀನಿ."

"ಎಂಥಾದ ಬಂದ್ರೂ?"

ಹೊದಿಕೆ ಬಿಡಿಸಿ ಅವಳ ಕಾಲ ಮೇಲೆ ಹಾಕಿದೆ. "ಎಂಥಾದ ಬಂದ್ರೂ," ಅಂದೆ. ತಂಗಿಯ ಆಭರಣದ ಗಂಟನ್ನು ಬಿಚ್ಚದೆ ಹಾಗೆಯೇ ದಿಂಬಿನ ಕೆಳಗೆ ಇಟ್ಟೆ.

ಅಂದು ಉಂಡದ್ದು ಜೋಳದ ರೊಟ್ಟಿ, ಉಪ್ಪಿಲ್ಲದ ಹೆಸರುಕಾಳಿನ ಪಲ್ಯ, ಆಸ್ಪತ್ರೆಯ ಗೇಟಿನಲ್ಲಿ ಕೊಂಡ ಎರಡು ಬಾಳೆಹಣ್ಣು. ಮೊದಲು ನಿದ್ದೆಹೋದದ್ದು, ಇಡೀ ರಾತ್ರಿ ಜಪ ಮಾಡುತ್ತೇನೆ ಎಂದು ಮಾಲೆ ಹಿಡಿದು ಕೂತಿದ್ದ ಅವ್ವ.